ಬಡ್ಡಿ ಇಲ್ಲವೆಂದರಷ್ಟೇ ಸಾಲದು

ಕಾರಿಗೋ ಫ್ಲಾಟಿಗೋ ಹಣ ಬೇಕಾದಾಗ ನಮ್ಮವರು ಇಸ್ಲಾಮಿಕ್ ಬ್ಯಾಂಕಿಗೆ ಹೋಗುವುದು ಈಗ ಹೊಸದೇನಲ್ಲ. ದುಬೈ ಇಸ್ಲಾಮಿಕ್ ಬ್ಯಾಂಕ್ ಶುರುವಾದದ್ದೇ 1975ರಲ್ಲಿ. ಅಲ್ಲಿಗೆ ಹೋಗುವ ಎಲ್ಲರೂ ಮುಸ್ಲಿಮರಲ್ಲ. ಕೆಲವರಿಗೆ ಬಡ್ಡಿ ನಿಷಿದ್ಧ ಎಂಬುದು ನಂಬಿಕೆಯ ಮಾತು. ಇನ್ನು ಕೆಲವರಿಗೆ ಸಂಬಳ ಅದೇ ಬ್ಯಾಂಕಿಗೆ ಬರುತ್ತದೆ, ಕಂತು ಕೈಗೆಟಕುತ್ತದೆ, ರೂಮ್‌ಮೇಟ್ ತಗೊಂಡಿದ್ದಾನೆ ಎಂಬಷ್ಟೇ ಕಾರಣ ಸಾಕು. ಕಂತು ತಡವಾದಾಗ ಕಟ್ಟುವ ದಂಡ ಬ್ಯಾಂಕಿನ ಲಾಭಕ್ಕೆ ಸೇರದೆ ದಾನಕ್ಕೆ ಹೋಗುತ್ತದೆ ಎಂಬುದೂ ಹಲವರಿಗೆ ಹಿಡಿಸುತ್ತದೆ.

ನನ್ನ ಅಭಿಪ್ರಾಯದಲ್ಲಿ ನಿಜವಾದ ಆಕರ್ಷಣೆ ಬೇರೆಯೇ ಇದೆ. ನಾವು ಅದನ್ನು ಕೇಳಿ ಪಡೆಯುವುದೇ ಇಲ್ಲ.

ಈ ವ್ಯವಹಾರದ ಹೆಸರು ಇಜಾರಾ. ಇದು ಬೆಂಗಳೂರಿನ ಲೀಸ್ ಅಲ್ಲ. ಅಲ್ಲಿ ಒಟ್ಟಿಗೆ ಹಣ ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುತ್ತೇವೆ. ಇಜಾರಾದಲ್ಲಿ ಬ್ಯಾಂಕು ಸೊತ್ತನ್ನು ತಾನೇ ಕೊಂಡು ನಮಗೆ ಬಾಡಿಗೆಗೆ ಕೊಡುತ್ತದೆ. ಕಂತು ಮುಗಿದ ಮೇಲೆ ಸೊತ್ತು ನಮ್ಮ ಹೆಸರಿಗೆ ಬರುತ್ತದೆ. ಅಲ್ಲಿಯವರೆಗೆ ಮಾಲೀಕ ಬ್ಯಾಂಕೇ.

ಮಾಲೀಕನಾದವನಿಗೆ ಹೊಣೆಯೂ ಇರಬೇಕಲ್ಲವೇ? ಬಹರೈನ್‌ನಲ್ಲಿರುವ ಅಯೋಫಿ ಸಂಸ್ಥೆಯ ಮಾನದಂಡ ಹೇಳುವುದೂ ಅದನ್ನೇ. ಸೊತ್ತು ಕೈಗೆ ಬರುವ ಮೊದಲು ಬಾಡಿಗೆ ಶುರುವಾಗುವಂತಿಲ್ಲ. ದೊಡ್ಡ ರಿಪೇರಿ ಮಾಲೀಕನದು. ನಮ್ಮ ತಪ್ಪಿಲ್ಲದೆ ಸೊತ್ತು ಪೂರ್ತಿ ನಾಶವಾದರೆ ಬಾಡಿಗೆ ನಿಲ್ಲಬೇಕು. ಮಾಮೂಲಿ ಸಾಲದಲ್ಲಿ ಈ ರಕ್ಷಣೆ ಇಲ್ಲ; ಕಾರು ಹೋದರೂ ಸಾಲ ಉಳಿಯುತ್ತದೆ.

ಆದರೆ ಕರಾರಿನ ಪುಟ ತಿರುಗಿಸಿದರೆ ಎಷ್ಟೋ ಕಡೆ ನಮ್ಮನ್ನೇ ಬ್ಯಾಂಕಿನ 'ಏಜೆಂಟ್' ಮಾಡಿ ರಿಪೇರಿ, ವಿಮೆಯ ಕೆಲಸವನ್ನು ನಮಗೇ ವಹಿಸಿರುತ್ತಾರೆ. ಅದರ ಖರ್ಚು ಕೊನೆಗೆ ಯಾರ ತಲೆಗೆ ಎಂಬುದು ಅಲ್ಲೇ ಇರುತ್ತದೆ. ಯುಎಇಯಲ್ಲಿ ಮನೆಯ ಬಾಡಿಗೆಯನ್ನು ಎಷ್ಟೋ ಸಲ ಐಬೋರ್ ದರಕ್ಕೆ ಕಟ್ಟಿರುತ್ತಾರೆ. 2022–23ರಲ್ಲಿ ಆ ದರ ಏರಿದಾಗ ಅಂಥ ಕರಾರಿನವರ ಕಂತೂ ಏರಿತು. ಬಡ್ಡಿ ಎಂಬ ಹೆಸರಿಲ್ಲದ ಮಾತ್ರಕ್ಕೆ ಭಾರ ಇಲ್ಲವೆಂದಲ್ಲ.

ನಮ್ಮಂಥವರಿಗೆ ವೀಸಾ ಇರುವುದು ಕೆಲಸದ ಮೇಲೆ. ಕೆಲಸ ಹೋದ ಮಾತ್ರಕ್ಕೆ ಬಾಡಿಗೆ ನಿಲ್ಲುವುದಿಲ್ಲ. ಬಾಕಿ ಉಳಿದರೆ ಊರಿಗೆ ಹೊರಟವನಿಗೆ ಪ್ರಯಾಣ ನಿಷೇಧವೂ ಬರಬಹುದು. ಎಲ್ಲ ಕಂತೂ ಸೇರಿ ಸಂಬಳದ ಅರ್ಧ ದಾಟಬಾರದು ಎಂಬುದು ಯುಎಇ ಸೆಂಟ್ರಲ್ ಬ್ಯಾಂಕಿನ ನಿಯಮ. ಊರಿಗೆ ಹಣ ಕಳಿಸಬೇಕಾದ ನಮಗೆ ಆ ಅರ್ಧವೂ ಹೆಚ್ಚೇ.

ಆದ್ದರಿಂದ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬಾಡಿಗೆ ಯಾವಾಗ ಬದಲಾಗುತ್ತದೆ? ದೊಡ್ಡ ರಿಪೇರಿ, ವಿಮೆ ಯಾರ ಖರ್ಚು? ಸೊತ್ತು ನಾಶವಾದರೆ ನನ್ನ ಬಾಕಿ ಏನಾಗುತ್ತದೆ? ಅವಧಿಗೆ ಮೊದಲೇ ಮುಗಿಸಿದರೆ ಎಷ್ಟು ಕಟ್ಟಬೇಕು? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಬರಹದಲ್ಲಿ ಪಡೆಯಿರಿ. ಕರಾರು ಅರ್ಥವಾಗದಿದ್ದರೆ ಓದಬಲ್ಲ ಗೆಳೆಯನಿಗೆ ತೋರಿಸಿ. ಮಾಲೀಕನ ಹೊಣೆಯನ್ನು ನಿಜಕ್ಕೂ ಹೊರುವ ಬ್ಯಾಂಕು ಸಿಕ್ಕರೆ ಧೈರ್ಯವಾಗಿ ಹೋಗಿ. ಇಜಾರಾದ ಬೆಲೆ ಇರುವುದೇ ಅಲ್ಲಿ.