ಧೈರ್ಯವೂ ಬೇಕು, ಕಾಲೂ ಬೇಕು

ಕಾಲು ಹೋದವನಿಗೆ ಧೈರ್ಯ ಹೇಳುವುದು ಬಹಳ ಸುಲಭ. ಹಾಸಿಗೆಯ ಪಕ್ಕದಲ್ಲಿ ನಾಲ್ಕು ಕಿತ್ತಳೆ ಹಣ್ಣು ಇಟ್ಟು, "ಮನಸ್ಸು ಗಟ್ಟಿ ಮಾಡಿಕೋಪ್ಪಾ, ದೇವರಿದ್ದಾನೆ" ಎಂದು ಹೇಳಿ ಹೊರಟರೆ ಹೇಳಿದವರ ಕರ್ತವ್ಯ ಮುಗಿಯಿತು. ಕೇಳಿದವನ ಕಷ್ಟ ಆಗ ಆರಂಭವಾಗುತ್ತದೆ.

2014ರ ಸುಗ್ಗಿಯಲ್ಲಿ ನಮ್ಮ ತಾಲ್ಲೂಕಿನ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲನೊಬ್ಬನ ಪಂಚೆಯ ಅಂಚು ಯಂತ್ರದ ಬೆಲ್ಟಿಗೆ ಸಿಕ್ಕಿ, ಎಡಗಾಲು ಮಂಡಿಯ ಕೆಳಗೆ ಹೋಯಿತು. ಹಣ್ಣು ತಂದ ಮಾಲೀಕರು "ನಾವು ನೋಡಿಕೊಳ್ಳುತ್ತೇವೆ" ಎಂದರು. ಅವನು ನಂಬಿದ. ಒಂದೂವರೆ ವರ್ಷ ನಂಬಿದ. ನಾವು ಕಾಣಲು ಹೋದ ದಿನ ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. "ನೋವಿಗೆ ಹೆದರಲಿಲ್ಲ ಮೇಷ್ಟ್ರೇ. ಬೆಳಿಗ್ಗೆ ಎದ್ದರೆ ಮಾಡೋಕೆ ಕೆಲಸ ಇಲ್ವಲ್ಲ, ಅದಕ್ಕೆ ಹೆದರಿದೆ" ಎಂದ. ಹತ್ತು ವರ್ಷ ಮಕ್ಕಳಿಗೆ ಧೈರ್ಯದ ಪಾಠ ಹೇಳಿದ ನಮಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ.

ನಾವು ಮನೋಬಲವನ್ನು ಹಗುರವಾಗಿ ಕಾಣುತ್ತೇವೆಂದು ವಾಚಕರು ಭಾವಿಸಬಾರದು. 1965ರ ಯುದ್ಧದಲ್ಲಿ ಗುಂಡೇಟು ತಿಂದು ನಡೆಯುವ ಶಕ್ತಿ ಕಳೆದುಕೊಂಡ ಸೈನಿಕ ಮುರಳೀಕಾಂತ್ ಪೇಟ್ಕರ್, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿ ಚಿನ್ನ ಗೆದ್ದರು. ಅಂಥ ಎದೆಗಾರಿಕೆ ಎಲ್ಲರಿಗೂ ಬರುವುದಿಲ್ಲ. ಆದರೆ ಆ ಸೈನಿಕನಿಗೆ ಆಸ್ಪತ್ರೆಯಿತ್ತು, ಚಿಕಿತ್ಸೆಯ ಭಾಗವಾಗಿ ಈಜು ಇತ್ತು ಎಂಬುದನ್ನು ಹೊಗಳುವವರು ಮರೆಯುತ್ತಾರೆ. ದೇಶವು ಅವರಿಗೆ ಪದ್ಮಶ್ರೀ ಕೊಟ್ಟಿದ್ದು 2018ರಲ್ಲಿ, 46 ವರ್ಷಗಳ ಮೇಲೆ! ಅಷ್ಟು ಕಾಲ ಧೈರ್ಯವನ್ನು ಅವರು ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳಬೇಕಾಯಿತು.

ನಿಜವಾದ ಭರವಸೆ ಹೇಗೆ ಹುಟ್ಟುತ್ತದೆಂಬುದಕ್ಕೆ ಜಯಪುರದ ಕಾಲಿನ ಕಥೆಯನ್ನು ನೋಡಬೇಕು. 1960ರ ದಶಕದಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ದೊರೆಯುತ್ತಿದ್ದುದು ಪಶ್ಚಿಮ ದೇಶಗಳ ಮಾದರಿಯ ಕೃತಕ ಪಾದ. ಅದಕ್ಕೆ ಬೂಟು ಹಾಕಲೇಬೇಕು. ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದ್ದು. ನಮ್ಮ ರೈತ ಕೆಸರುಗದ್ದೆಗೆ ಬರಿಗಾಲಲ್ಲಿ ಇಳಿಯಬೇಕು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣಬೇಕು, ಬಹಿರ್ದೆಸೆಗೆ ಕುಕ್ಕರಗಾಲಲ್ಲಿ ಕೂರಬೇಕು. ಆ ಪಾದ ಕೊಂಡೊಯ್ದವರು ಅದನ್ನು ಮೂಲೆಗಿಟ್ಟು ಊರುಗೋಲನ್ನೇ ಹಿಡಿದರು. ಅವರಿಗೆ ಮನೋಬಲ ಸಾಲದೆಂದು ಯಾರಾದರೂ ಹೇಳಿಯಾರೆ?

ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇಠಿಯವರ ಜೊತೆ ಕೆಲಸ ಮಾಡುತ್ತಿದ್ದ ಕುಶಲಕರ್ಮಿ ರಾಮಚಂದ್ರ ಶರ್ಮ ಹೆಚ್ಚು ಶಾಲೆ ಕಲಿತವರಲ್ಲ. ಟೈರಿಗೆ ರಬ್ಬರ್ ಬೇಯಿಸಿ ಹಾಕುವ ಅಂಗಡಿಯನ್ನು ಕಂಡು ಅವರಿಗೆ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ರಬ್ಬರ್ ಮತ್ತು ಮರದಿಂದ, ಎಲ್ಲ ಕಡೆಗೂ ಬಾಗುವ, ನೀರಿಗೆ ಅಂಜದ, ಬೂಟು ಬೇಡದ ಪಾದ ಸಿದ್ಧವಾಯಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. (ಕೈಯಿಂದ ಅಚ್ಚು ತೆಗೆದವರ ಹೆಸರು ಮಾತ್ರ ಇಂದಿಗೂ ಅನೇಕರಿಗೆ ತಿಳಿಯದು, ಇದು ನಮ್ಮ ದೇಶದ ಹಳೆಯ ರೂಢಿ.) ಅದೇ ವರ್ಷ ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಮತ್ತೆ ಗೆಜ್ಜೆ ಕಟ್ಟಿದ್ದು ಈ ಕಾಲನ್ನು ನಂಬಿಯೇ. 1975ರಲ್ಲಿ ಹುಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಬಡವರಿಗೆ ಉಚಿತವಾಗಿ ಕೊಡುತ್ತ ಬಂದಿದೆ. ಉಪದೇಶ ಮಾಡಲಾಗದ್ದನ್ನು ಒಂದು ತುಂಡು ರಬ್ಬರ್ ಮಾಡಿತು.

ಇನ್ನು ಹಣದ ಮಾತು. ಕೆಲಸದಲ್ಲಿ ಗಾಯಗೊಂಡವನಿಗೆ ಮಾಲೀಕ ಪರಿಹಾರ ಕೊಡತಕ್ಕದ್ದೆಂಬ ಕಾಯಿದೆ ಬ್ರಿಟಿಷರ ಕಾಲದಲ್ಲೇ, 1923ರಲ್ಲೇ ಆಯಿತು. ಯಾವ ಅಂಗ ಹೋದರೆ ದುಡಿಯುವ ಶಕ್ತಿಯಲ್ಲಿ ಎಷ್ಟು ಪಾಲು ಹೋಯಿತೆಂದು ಅದರಲ್ಲಿ ಪಟ್ಟಿಯೇ ಇತ್ತು. ಹೆಬ್ಬೆರಳಿಗೆ ನೂರಕ್ಕೆ 30. ಏಕಲವ್ಯನ ಗುರುಭಕ್ತಿಯನ್ನು ಹೊಗಳಿದವರು ಅಸಂಖ್ಯ, ಅವನ ಬೆರಳಿನ ಲೆಕ್ಕ ಕೇಳಿದವರು ಯಾರೂ ಇಲ್ಲ. ಪರಿಹಾರವು ಭಿಕ್ಷೆಯಲ್ಲ, ಬಾಕಿ. ಆದರೆ ಎರಡು ವರ್ಷದೊಳಗೆ ಅರ್ಜಿ ಬೀಳಬೇಕೆಂಬ ಗಡುವೂ ಆ ಕಾಯಿದೆಯಲ್ಲಿತ್ತು. "ನೋಡಿಕೊಳ್ಳುತ್ತೇವೆ" ಎಂಬ ಮಾಲೀಕರ ಮಾತಿನ ಮರ್ಮ ಅಲ್ಲಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೇನೋ ಸರ್ಕಾರಿ ನೌಕರಿಯಲ್ಲಿ ನೂರಕ್ಕೆ 4 ಹುದ್ದೆ ಮೀಸಲಿಡಬೇಕೆಂದಿದೆ; ಹೆಬ್ಬೆಟ್ಟೊತ್ತುವ ಹಮಾಲನಿಗೆ ಅದು ದೂರದ ಮಾತು.

ಗಡುವಿಗೆ ಐದು ತಿಂಗಳು ಉಳಿದಿರುವಾಗ ನಮ್ಮ ಕಚೇರಿಯಲ್ಲಿ ಕುಳಿತು ಅವನ ಅರ್ಜಿ ಬರೆದೆವು. ಗಿರಣಿಯವರು ಅವನು ತಮ್ಮ ಆಳೇ ಅಲ್ಲವೆಂದರು. ಜೊತೆಯ ಹಮಾಲರು ಮೂವರು, ತಮ್ಮ ಕೂಲಿ ಹೋದರೂ ಚಿಂತೆಯಿಲ್ಲವೆಂದು ಬಂದು ಸಾಕ್ಷಿ ಹೇಳಿದರು. ನಾವು ಕಂಡ ಅತಿ ದೊಡ್ಡ ಧೈರ್ಯ ಅದೇ. ಪರಿಹಾರದ ಆದೇಶವಾಯಿತು. ಆ ಹಣದಲ್ಲಿ ಬಸ್ ನಿಲ್ದಾಣದ ಹಿಂದೆ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಶಿಬಿರವೊಂದರಲ್ಲಿ ಜಯಪುರದ ಕಾಲೂ ಸಿಕ್ಕಿತು. ಮೊನ್ನೆ ಹೋದಾಗ ಕುಕ್ಕರಗಾಲಲ್ಲಿ ಕುಳಿತು ಪಂಕ್ಚರ್ ಹಾಕುತ್ತ, "ಪಾದದ ರಬ್ಬರ್ ಸವೀತಾ ಬಂತು ಮೇಷ್ಟ್ರೇ, ಮುಂದಿನ ಶಿಬಿರ ಯಾವಾಗ?" ಎಂದು ಕೇಳಿ ನಕ್ಕ.

ಆ ಗಿರಣಿಯ ಬೆಲ್ಟಿಗೆ ಮಾತ್ರ ಇಂದಿಗೂ ಜಾಲರಿ ಬಿದ್ದಿಲ್ಲ. ತಿರುಗುವ ಯಂತ್ರಕ್ಕೆ ತಡೆ ಹಾಕಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಸಂಬಂಧಪಟ್ಟ ಅಧಿಕಾರಿಗಳಿಗೆ ಎರಡು ಸಲ ಬರೆದೆವು, ಉತ್ತರವಿಲ್ಲ. ಮೂರನೆಯ ಪತ್ರ ಈ ವಾರ ಹೋಗುತ್ತದೆ. ಈ ಸಲ ಅದರ ಕೆಳಗೆ ಗಿರಣಿಯ ಹಮಾಲರ ಹೆಬ್ಬೆಟ್ಟುಗಳೂ ಇರುತ್ತವೆ.