ಸರಕು ಪರೀಕ್ಷಿಸುವವರು ಬ್ರೇಕನ್ನೂ ಪರೀಕ್ಷಿಸಲಿ

ಕರಿಮೆಣಸು ಕೊಳ್ಳುವಾಗ ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆಂದು ನೋಡುತ್ತೇವೆ. ಕಾಫಿಯಾದರೆ ತೇವಾಂಶ ನೋಡುತ್ತೇವೆ. ಕಣ್ಣಿಗೆ ಚೆನ್ನಾಗಿ ಕಂಡಿತೆಂದು ದುಡ್ಡು ಎಣಿಸುವ ವ್ಯಾಪಾರಿ ನಮ್ಮಲ್ಲಿ ಯಾರೂ ಇಲ್ಲ. ಆದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಕಾರಿನ ಬ್ರೇಕ್ ವಿಷಯ ಬಂದಾಗ, ‘ಯಾವುದಾದರೂ ಹಾಕಪ್ಪ, ಬೇಗ ಮುಗಿಸು’ ಎಂದುಬಿಡುತ್ತೇವೆ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಕಲ್ಪೆಟ್ಟದಿಂದ ಕೋಳಿಕ್ಕೋಡಿಗೆ ಮದುವೆಗೆಂದು ಹೊರಟಿದ್ದೆವು. ಹಿಂದಿನ ತಿಂಗಳಷ್ಟೇ ಬಿಲ್ಲಿಲ್ಲದ ಅಗ್ಗದ ಪ್ಯಾಡ್ ಹಾಕಿಸಿದ್ದೆವು. ಲಕ್ಕಿಡಿ ದಾಟಿ, ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಲ್ಲಿ ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ ಗಟ್ಟಿಯಾಗಿಯೇ ಇತ್ತು, ಕಾರು ಮಾತ್ರ ನಿಲ್ಲಲೊಲ್ಲದು. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ಮಡಿಲಲ್ಲಿ ಮೊಮ್ಮಗು. ಗೇರನ್ನು ಒಂದಕ್ಕೆ ಇಳಿಸಿ, ಕೈಬ್ರೇಕನ್ನು ಮೆಲ್ಲಗೆ ಎಳೆದು ಹೇಗೋ ಬದಿಗೆ ನಿಲ್ಲಿಸಿದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಡಿವಾರದ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದ. ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿತ್ತು, ಡಿಸ್ಕ್ ನೀಲಿ ತಿರುಗಿತ್ತು. ನಾವು ಉಳಿಸಿದ್ದು ಕೆಲವು ನೂರು ರೂಪಾಯಿ.

ಬ್ರೇಕ್ ಒತ್ತಿದಾಗ ಕಾರಿನ ವೇಗ ಶಾಖವಾಗಿ ಮಾರ್ಪಡುತ್ತದೆ. ಆ ಶಾಖ ತಡೆಯದ ಪ್ಯಾಡ್ ಹಿಡಿತ ಬಿಡುತ್ತದೆ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿರಬಹುದು. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು.

ಓದುಗ ಬಂಧುಗಳು ಇಷ್ಟನ್ನು ನೆನಪಿನಲ್ಲಿಡಲಿ:

ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿ.ಮೀ. ದಪ್ಪವಿರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸಿ. ಕಿರ್ರೆಂಬ ಸದ್ದು ಬಂದರೆ ತಡಮಾಡದೆ ತೋರಿಸಿ.

ಡಿಸ್ಕ್ ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಳತೆ ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತದೆ. ಎದುರಿಗೇ ಅಳೆಸಿ. ಅದಕ್ಕಿಂತ ತೆಳುವಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಹೊಸದೇ ಬೇಕು. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೂ ಡಿಸ್ಕ್ ನೋಡಿಸಿ.

ಎಡಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿಸಿ. ಡಿಸ್ಕ್ ಹೊಸದಾದರೆ ಪ್ಯಾಡೂ ಹೊಸದಾಗಲಿ.

ಆರ್ಗ್ಯಾನಿಕ್ ಪ್ಯಾಡ್ ಸದ್ದು ಮಾಡುವುದಿಲ್ಲ, ಆದರೆ ಹೆಚ್ಚು ಶಾಖ ತಡೆಯದು. ಸೆಮಿ ಮೆಟಾಲಿಕ್ ಶಾಖ ತಡೆಯುತ್ತದೆ, ತುಸು ಸದ್ದು ಮಾಡುತ್ತದೆ, ಡಿಸ್ಕನ್ನೂ ಸವೆಸುತ್ತದೆ. ಸೆರಾಮಿಕ್‌ನಲ್ಲಿ ಧೂಳು ಕಡಿಮೆ, ಬೆಲೆ ಹೆಚ್ಚು. ಗೊಂದಲವಾದರೆ ಕಾರು ತಯಾರಕರು ಸೂಚಿಸಿದ್ದನ್ನೇ ಕೊಳ್ಳಿ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ಪಾರ್ಟ್ ನಂಬರ್, ಆಸ್‌ಬೆಸ್ಟಾಸ್ ಇಲ್ಲವೆಂಬ ಮಾತು ಇದೆಯೇ ನೋಡಿ. ಬಿಲ್ಲು ಕೇಳಿ ಪಡೆಯಿರಿ.

ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ವಾಹನವಿಲ್ಲದ ಸಮತಟ್ಟು ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ, ನಡುವೆ ಆರಲು ಬಿಟ್ಟು, ಏಳೆಂಟು ಬಾರಿ ಇಳಿಸಿ. ಆಮೇಲೆ ಘಾಟಿಯ ಮಾತು.

ಎಷ್ಟೇ ಒಳ್ಳೆಯ ಪ್ಯಾಡ್ ಇದ್ದರೂ, ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರರ ಮಾತು ಇಂದಿಗೂ ಸರಿ.

ಸರಕಿನಲ್ಲಿ ಮೋಸ ಹೋದರೆ ಮುಂದಿನ ಸುಗ್ಗಿಯಲ್ಲಿ ತುಂಬಿಕೊಳ್ಳಬಹುದು. ಘಾಟಿಯಲ್ಲಿ ಬ್ರೇಕ್ ಕೈಕೊಟ್ಟರೆ ಆ ನಷ್ಟವನ್ನು ಬರೆಯಲು ಯಾವ ಖಾತೆಯೂ ಇಲ್ಲ.