ಅರ್ಧ ಸೆಕೆಂಡಿನ ವಿಳಂಬ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಇಂದು ಮಗನೋ ಸೊಸೆಯೋ ಪಡಸಾಲೆಯಲ್ಲಿ ಕುಳಿತೇ ಬೆಂಗಳೂರಿನ, ಕೆಲವೊಮ್ಮೆ ಕಡಲಾಚೆಯ ಗಣಕಯಂತ್ರವನ್ನು ಪ್ರವೇಶಿಸಿ ಉದ್ಯೋಗ ಮಾಡುವುದುಂಟು. "ಕುಂತಲ್ಲೇ ಕುಂತು ಅದೇನ ದುಡೀತಾನೋ" ಎಂದು ಹಿರಿಯರು ಸೋಜಿಗಪಡುವುದೂ ಉಂಟು. ಇಂತಹ ದೂರಪ್ರವೇಶಗಳ ಬಾಗಿಲು ಕಾಯುವ ತಂತ್ರಾಂಶಗಳಲ್ಲಿ ಮುಖ್ಯವಾದುದು ಎಸ್‌ಎಸ್‌ಎಚ್. 2024ರಲ್ಲಿ ಈ ಬಾಗಿಲಿಗೇ ಕನ್ನ ಕೊರೆಯಲಾಗಿತ್ತು. ಅದನ್ನು ಬಯಲಿಗೆಳೆದುದು ಕೇವಲ ಅರ್ಧ ಸೆಕೆಂಡಿನ ವಿಳಂಬ!

ಕಬ್ಬಿನ ಹೊಲದಲ್ಲಿ ನಿನ್ನೆಯವರೆಗೆ ಸರಾಗವಾಗಿ ನೀರೆತ್ತಿದ ಪಂಪು ಇಂದು ತಡವರಿಸಿದರೆ, ಅನುಭವಿ ರೈತನು ಅದನ್ನು ಬೈಯುತ್ತ ಕೂಡುವುದಿಲ್ಲ. "ನಿನ್ನಿಗೂ ಇವತ್ತಿಗೂ ಏನ ಬದಲಾತು?" ಎಂದು ಕೇಳುತ್ತಾನೆ. ಕೇಬಲ್ ಹೊಸದೋ, ಫುಟ್‌ವಾಲ್ವ್ ಹೊಸದೋ ಎಂದು ಒಂದೊಂದನ್ನೇ ಪರೀಕ್ಷಿಸುತ್ತಾನೆ. ಮೊದಲು ಸರಿಯಿದ್ದ ತಂತ್ರಾಂಶವು ಹೊಸ ಆವೃತ್ತಿ ಬಂದೊಡನೆ ಕೆಟ್ಟಾಗ ದೋಷವನ್ನು ಹುಡುಕುವ ಕ್ರಮವೂ ಇದೇ.

ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು ಪೋಸ್ಟ್‌ಗ್ರೆಸ್ ತಂತ್ರಾಂಶದ ವೇಗವನ್ನು ಅಳೆಯುತ್ತಿದ್ದರು. ಇಂತಹ ಅಳತೆಗೆ ಯಂತ್ರವು ನಿಶ್ಚಲವಾಗಿರಬೇಕು. ಆದರೆ ತಪ್ಪು ಹೆಸರಿನ ಪ್ರವೇಶಯತ್ನಗಳು ಮೇಲಿಂದ ಮೇಲೆ ಬರುತ್ತಿದ್ದವು. ಬಾಗಿಲಿನಿಂದಲೇ ಹಿಂದಿರುಗಿಸುವಷ್ಟು ಕೆಲಸಕ್ಕೆ ಯಂತ್ರವು ಅತಿಯಾಗಿ ದಣಿಯುತ್ತಿತ್ತು. ಸುಮಾರು 0.3 ಸೆಕೆಂಡು ಸಾಕಾಗುತ್ತಿದ್ದ ಕಾರ್ಯಕ್ಕೆ 0.8 ಸೆಕೆಂಡು ಬೇಕಾಗಿತ್ತು. ನಮ್ಮಂಥವರಾಗಿದ್ದರೆ "ಹೋಗಲಿ ಬಿಡು" ಎನ್ನುತ್ತಿದ್ದೆವು. ಅವರು ಬಿಡಲಿಲ್ಲ. ಕಾಲವೆಲ್ಲ ಎಲ್ಲಿ ವ್ಯಯವಾಗುತ್ತಿದೆ ಎಂದು ಶೋಧಿಸಿದಾಗ, ಅದು ಕಡತಗಳನ್ನು ಸಂಕುಚಿಸುವ ಎಕ್ಸ್‌ಝಡ್ ಎಂಬ ಬೇರೊಂದು ತಂತ್ರಾಂಶದ ಭಾಗದೊಳಗೆ ಎಂದು ತಿಳಿಯಿತು. ಕೆಲವು ವಾರಗಳ ಹಿಂದೆ ಪರೀಕ್ಷೆಯೊಂದರಲ್ಲಿ ಕಂಡ ವಿಚಿತ್ರ ಎಚ್ಚರಿಕೆಗಳೂ ಅವರಿಗೆ ಆಗ ನೆನಪಾದವು.

ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಪರೀಕ್ಷಾ ಕಡತಗಳ ಸೋಗಿನಲ್ಲಿ ಗುಪ್ತಸಂಕೇತವನ್ನು ಅಡಗಿಸಲಾಗಿತ್ತು. ನಿರ್ದಿಷ್ಟ ಕೀಲಿಯುಳ್ಳವನು ಗುರುತು ತೋರಿಸದೆಯೇ ಅನ್ಯರ ಯಂತ್ರವನ್ನು ಆಳಬಹುದಿತ್ತು. ಪ್ರತಿ ಸಂಪರ್ಕಕ್ಕೂ ಎಸ್‌ಎಸ್‌ಎಚ್ ಹೊಸದಾಗಿ ಆರಂಭವಾಗುವುದರಿಂದ, ಆ ಸಂಕೇತವೂ ಪ್ರತಿ ಬಾರಿಯೂ ತನ್ನ ಹುಡುಕಾಟವನ್ನು ಮೊದಲಿನಿಂದ ನಡೆಸುತ್ತಿತ್ತು. ಕಳ್ಳನ ಈ ತಡಕಾಟವೇ ಆ ಅರ್ಧ ಸೆಕೆಂಡು.

ಫ್ರಾಯಿಂಡರು 2024ರ ಮಾರ್ಚ್ 29ರಂದು ಇದನ್ನು ಬಹಿರಂಗಪಡಿಸಿದರು. ಆಗ ಅದು ಡೆಬಿಯನ್, ಫೆಡೋರಾಗಳ ಪ್ರಾಯೋಗಿಕ ಆವೃತ್ತಿಗಳನ್ನು ಸೇರಿತ್ತು. ಸ್ಥಿರ ಆವೃತ್ತಿಗಳನ್ನು ಇನ್ನೂ ಮುಟ್ಟಿರಲಿಲ್ಲ.

ನನ್ನ ಮನಸ್ಸನ್ನು ಕಲಕಿದ ಸಂಗತಿ ಬೇರೆ. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ಸಲಹಿದವರು ಲಾಸೆ ಕಾಲಿನ್. ಇದು ಸಂಬಳವಿಲ್ಲದ ಹವ್ಯಾಸವೆಂದೂ, ತಮಗೆ ಶಕ್ತಿ ಸಾಲದಾಗಿದೆಯೆಂದೂ 2022ರಲ್ಲಿಯೇ ಅವರು ಹೇಳಿಕೊಂಡಿದ್ದರು. ಕೆಲಸ ಬೇಗ ಆಗಲೆಂದು ಕೆಲವರು ಪೀಡಿಸಿದರು. ಜಿಯಾ ತಾನ್ ಎಂಬ ಹೆಸರಿನಲ್ಲಿ ಬಂದವನು ಸುಮಾರು ಎರಡು ವರ್ಷ ನೆರವಾಗಿ, ವಿಶ್ವಾಸ ಗಳಿಸಿ, ಮನೆಯ ಕೀಲಿಯನ್ನೇ ಪಡೆದನು. ದಣಿದವನ ಹೆಗಲಿಗೆ ಹೆಗಲು ಕೊಡುವೆನೆಂದು ಬಂದವನನ್ನು ಸಂಶಯಿಸುವುದು ಯಾರಿಂದ ಸಾಧ್ಯ?

ಕೃತ್ಯ ಬಯಲಾದ ಬಳಿಕ ಕಾಲಿನ್‌ರೇ ಮರಳಿ ಕುಳಿತು ಆ ಬದಲಾವಣೆಗಳನ್ನು ಪರಿಶೀಲಿಸಿದರು. 2024ರ ಮೇ 29ರಂದು ಗುಪ್ತಸಂಕೇತವನ್ನು ಕಿತ್ತೊಗೆದ 5.6.2 ಆವೃತ್ತಿಯನ್ನು ಹೊರತಂದರು.